ಪೆನ್ಸಿಲ್ಲೋ ಟ್ಯಾಬೋ? ಮೊದಲು ಸೀರೆಯ ಎಳೆ ಎಣಿಸಿ

ಪ್ರಶ್ನೆ: ನಾವು ಗದಗದವರು. ಬರುವ ಮಾಘದಲ್ಲಿ ಮಗಳ ಮದುವೆ. ಕಪ್ಪು ಇಳಕಲ್ ಸೀರೆಗೆ ಕೈಯಿಂದ ಕಸೂತಿ ಹಾಕಿಸಬೇಕೆಂದು ಆಸೆ. ಮಗಳು ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನರ್. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಶಿಖರ, ಎರಡೂ ಮಗ್ಗುಲಿಗೆ ಗಿಳಿ, ಮೇಲೆ ನಕ್ಷತ್ರಗಳು, ಕೆಳಗೆ ವಧೂವರರ ಹೆಸರಿನ ಮೊದಲಕ್ಷರ, ಹೀಗೆ ಟ್ಯಾಬ್‌ನಲ್ಲಿ ತಾನೇ ಡಿಸೈನ್ ಮಾಡಿದ್ದಾಳೆ. ಧಾರವಾಡದಲ್ಲಿ ಕಸೂತಿ ಹಾಕುವ ಅಕ್ಕನವರು ಅದನ್ನು ನೋಡಿ, ‘ಚಿತ್ರ ಚಂದ ಐತ್ರಿ, ಆದ್ರ ಇದು ಕಸೂತಿ ಅಲ್ಲ. ಗ್ರಾಫಿನ ಮ್ಯಾಲ ನಾನs ಬರ್ಕೋತೀನಿ’ ಎಂದರು. ಹುಬ್ಬಳ್ಳಿಯ ಅಂಗಡಿಯೊಂದರವರು ‘ಫೈಲ್ ಕೊಡ್ರಿ, ಎಂಟು ದಿನದಾಗ ಕೊಡ್ತೀವಿ’ ಎನ್ನುತ್ತಾರೆ. ಮಗಳಿಗೆ ಬೇಸರವಾಗಿದೆ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಮಗಳ ಬೇಸರ ನನಗೆ ಗೊತ್ತಾಗುತ್ತದೆ. ಧಾರವಾಡದ ಅಕ್ಕ ಯಾಕೆ ಹಾಗೆಂದರು ಎನ್ನುವುದೂ ಗೊತ್ತಾಗುತ್ತದೆ. ಹುಬ್ಬಳ್ಳಿ ಅಂಗಡಿಯವರದು ಬೇರೆಯೇ ವ್ಯವಹಾರ, ಅದನ್ನು ಆಮೇಲೆ ನೋಡೋಣ. ನಾನು ಕಸೂತಿ ನಮೂನೆ ಬರೆಯಲು ಕೂತು 30 ವರ್ಷ ದಾಟಿತು. ಅದರಲ್ಲಿ ಅರ್ಧ ಕಾಲ ಪೆನ್ಸಿಲು ಮತ್ತು ಮಕ್ಕಳ ಗಣಿತದ ಗ್ರಾಫ್ ವಹಿಯ ಜೊತೆ, ಉಳಿದರ್ಧ ಕಂಪ್ಯೂಟರಿನ ಜೊತೆ ಕಳೆದಿದೆ. ಎರಡರಲ್ಲೂ ಕೈ ಸುಟ್ಟುಕೊಂಡಿದ್ದೇನೆ. ಹಾಗಾಗಿ ಇದರಲ್ಲಿ ನನಗೆ ಪಕ್ಷ ಇಲ್ಲ.

ಮೊದಲು ಒಂದು ಸಂಗತಿ ತಿಳಿದುಕೊಳ್ಳಿ. ಜರಿ, ಆರಿ ಕೆಲಸದವರು ಟ್ರೇಸ್ ಕಾಗದಕ್ಕೆ ಸೂಜಿಯಿಂದ ತೂತು ಹಾಕಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಉಜ್ಜಿ, ಚಿತ್ರವನ್ನು ಬಟ್ಟೆಗೆ ಇಳಿಸುತ್ತಾರೆ. ಆಮೇಲೆ ಗೆರೆ ಹಿಡಿದು ಹೊಲಿಯುತ್ತಾರೆ. ಅಲ್ಲಿ ಚೆಂದ ಬರೆಯುವ ಕೈ ಇದ್ದರೆ ಅರ್ಧ ಕೆಲಸ ಮುಗಿಯಿತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಒಂದು ಚುಕ್ಕಿಯನ್ನೂ ಬರೆಯುವುದಿಲ್ಲ. ನಾಲ್ಕು ಎಳೆ ಬಿಟ್ಟು ಸೂಜಿ ಮೇಲೆ, ನಾಲ್ಕು ಎಳೆ ಬಿಟ್ಟು ಕೆಳಗೆ, ಹೀಗೆ ಎಣಿಸುತ್ತ ಹೋಗುವುದೇ ಅದರ ಬರವಣಿಗೆ. ಕಾಗದದ ಮೇಲಿರುವುದು ಎಣಿಕೆಯ ನೆನಪಿಗಾಗಿ ಇಟ್ಟುಕೊಂಡ ಚೀಟಿ, ಅಷ್ಟೇ. ನಮ್ಮ ಅಜ್ಜಿಯಂಥವರಿಗೆ ಆ ಚೀಟಿಯೂ ಇರಲಿಲ್ಲ. ಚಂದ್ರಕಾಳಿ ಎನ್ನುವ ಹಳೆಯ ಕಪ್ಪು ಸೀರೆಯನ್ನೋ ನಮೂನೆ ಹಾಕಿಟ್ಟ ಬಟ್ಟೆಯ ತುಂಡನ್ನೋ ತೊಡೆಯ ಮೇಲೆ ಹಾಸಿಕೊಂಡು, ಅದರ ಎಳೆ ಎಣಿಸಿ ಹೊಸದರ ಮೇಲೆ ಹಾಕುತ್ತಿದ್ದರು. ಆದ್ದರಿಂದ ನಿಮ್ಮ ತಕರಾರಿನಲ್ಲಿ ಕೈಬರಹ ಒಂದು ಕಡೆ, ಕಂಪ್ಯೂಟರು ಇನ್ನೊಂದು ಕಡೆ ಎಂದು ನಿಲ್ಲಿಸಬೇಡಿ. ಎರಡೂ ಚೀಟಿಗಳೇ. ಆ ಚೀಟಿ ಬರೆದವರು ನಿಮ್ಮ ಸೀರೆಯನ್ನು ಎಣಿಸಿದ್ದಾರೋ ಇಲ್ಲವೋ ಎನ್ನುವುದನ್ನು ಕೇಳಿ.

ಎಣಿಸದಿದ್ದರೆ ಏನಾಗುತ್ತದೆ ಎಂದು ನನ್ನದೇ ಕಥೆ ಹೇಳುತ್ತೇನೆ. ಕಂಪ್ಯೂಟರ್ ಕಲಿತ ಹೊಸತು. ತೇರಿನ ನಮೂನೆಯೊಂದನ್ನು ಮಾಡಿ, ಚಕ್ರಗಳನ್ನು ಗುಂಡಗೆ ತೀಡಿ, ಬಣ್ಣದ ಪ್ರಿಂಟು ತೆಗೆದು ಹೆಮ್ಮೆಯಿಂದ ಕಳಿಸಿದ್ದೆ. ಹೊಲಿದು ಬಂದ ತೇರಿಗೆ ಕೋಳಿಮೊಟ್ಟೆಯಂಥ ಚಕ್ರಗಳು! ಹೊಲಿದಾಕೆ ಒಂದು ಎಳೆಯೂ ತಪ್ಪಿರಲಿಲ್ಲ. ತಪ್ಪಿದ್ದು ನಾನು. ಗ್ರಾಫಿನ ಮನೆ ಚೌಕ, ಬಟ್ಟೆಯ ಮನೆ ಚೌಕವಲ್ಲ. ಸೀರೆಯ ಉದ್ದಕ್ಕೆ ಹೋಗುವ ಹಾಸಿನ ಎಳೆಯೂ ಅಡ್ಡ ಹೋಗುವ ಹೊಕ್ಕಿನ ಎಳೆಯೂ ಇಂಚಿಗೆ ಒಂದೇ ಲೆಕ್ಕದಲ್ಲಿ ಇರುವುದು ಅಪರೂಪ.

ಲೆಕ್ಕ ಹಾಕಿ ನೋಡಿ. ನಿಮ್ಮ ಸೀರೆಯಲ್ಲಿ ಒಂದಿಂಚಿಗೆ ಹಾಸು 72 ಎಳೆ, ಹೊಕ್ಕು 60 ಎಳೆ ಇದೆ ಎಂದಿಟ್ಟುಕೊಳ್ಳೋಣ (ನಿಮ್ಮದು ಎಷ್ಟಿದೆಯೋ ಎಣಿಸಿಯೇ ತಿಳಿಯಬೇಕು). ನಾಲ್ಕು ಎಳೆಗೆ ಒಂದು ಹೊಲಿಗೆ ಎಂದರೆ ಹಾಸಿನ ಎಳೆ ದಾಟುತ್ತ ಹೋದರೆ ಇಂಚಿಗೆ 18 ಹೊಲಿಗೆ, ಹೊಕ್ಕಿನ ಎಳೆ ದಾಟುತ್ತ ಹೋದರೆ 15. ಮಗಳ ಗೋಪುರ 36 ಮನೆ ಅಗಲ, 45 ಮನೆ ಎತ್ತರ ಇದ್ದರೆ, ಸೆರಗಿನ ಮಗ್ಗುಲಿಗೆ ಅದು 2 ಇಂಚು ಅಗಲ, 3 ಇಂಚು ಎತ್ತರ ಆಗುತ್ತದೆ. ಪರದೆಯಲ್ಲಿ ಕಂಡದ್ದಕ್ಕಿಂತ ಸಪೂರ, ಉದ್ದ. ಅಲ್ಲಿಗೆ ಮುಗಿಯಲಿಲ್ಲ. ಅದೇ ಗೋಪುರವನ್ನು ಕೆಳಗೆ ದಡಿಯ ಗುಂಟ ಹಾಕಿಸಿದರೆ? ಉಟ್ಟಾಗ ಸೀರೆಯ ಉದ್ದ ಸೆರಗಿನಲ್ಲಿ ಇಳಿಬಿದ್ದಿರುತ್ತದೆ, ಸೊಂಟದ ಕೆಳಗೆ ಸುತ್ತ ಅಡ್ಡ ತಿರುಗಿರುತ್ತದೆ. ಗೋಪುರ ನೆಟ್ಟಗೆ ನಿಲ್ಲಬೇಕಾದರೆ ಅಲ್ಲಿ ಬಟ್ಟೆಯನ್ನು ತಿರುಗಿಸಿ ಹೊಲಿಯಬೇಕು. ಆಗ ಎತ್ತರಕ್ಕೆ ಹಾಸಿನ ಎಳೆ, ಅಗಲಕ್ಕೆ ಹೊಕ್ಕಿನ ಎಳೆ ಲೆಕ್ಕಕ್ಕೆ ಬರುತ್ತದೆ: 2.4 ಇಂಚು ಅಗಲ, 2.5 ಇಂಚು ಎತ್ತರ. ಒಂದೇ ಗ್ರಾಫು, ಒಂದೇ ಕೈ, ಒಂದೇ ಸೀರೆ. ಸೆರಗಿನ ಮಗ್ಗುಲಿಗೆ ಗೋಪುರ, ದಡಿಯ ಮೇಲೆ ಕುಳ್ಳ ಮಂಟಪ. ಇಳಕಲ್ ಸೀರೆಗೆ ಇನ್ನೊಂದು ತೊಡಕಿದೆ. ಅದರ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಒಡಲಲ್ಲಿ ಎಣಿಸಿದ ಲೆಕ್ಕವನ್ನು ಸೆರಗಿನ ಕೆಂಪಿನ ಮೇಲೆ ನಂಬಬಾರದು.

ಧಾರವಾಡದ ಅಕ್ಕ ‘ನಾನs ಬರ್ಕೋತೀನಿ’ ಎಂದದ್ದರ ಒಂದು ಕಾರಣ ಇದು. ಆಕೆ ಇಂಚು, ಸೆಂಟಿಮೀಟರ್ ಹೇಳದೇ ಇರಬಹುದು. ಸೀರೆಯ ಮೇಲೆ ಹತ್ತು ಹೊಲಿಗೆ ಅಡ್ಡ, ಹತ್ತು ಹೊಲಿಗೆ ಉದ್ದ ಹಾಕಿ ನೋಡಿದ ಮೇಲೆ ಗೋಪುರದ ಎರಡು ಅಂತಸ್ತು ಕಡಿಮೆ ಮಾಡಬೇಕೆಂದು ಆಕೆಯ ಬೆರಳಿಗೆ ಗೊತ್ತಾಗುತ್ತದೆ.

ಎರಡನೆಯ ಕಾರಣ ಇನ್ನೂ ಮುಖ್ಯ. ಪರದೆಯ ಮೇಲಿನ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ: ದಾರ ಹೋಗುವ ದಾರಿ.

ಕಸೂತಿಗೆ ನಾಲ್ಕು ಹೊಲಿಗೆ. ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ. ನೇಯ್ಗಿ ಎಂದರೆ ನೇಯ್ಗೆಯಲ್ಲೇ ಮೂಡಿದ ಚಿತ್ತಾರದ ಹಾಗೆ ಕಾಣುವ ಉದ್ದ ಹೊಲಿಗೆ, ಮೆಂತಿ ಎಂದರೆ ಕತ್ತರಿ ಹೊಲಿಗೆ. ಇವೆರಡೂ ಹಿಂದೆ ಮುಂದೆ ಒಂದೇ ಥರ ಕಾಣಬೇಕಿಲ್ಲ. ಕಸೂತಿ ಹೆಸರುವಾಸಿಯಾದದ್ದು ಗಾವಂತಿ ಮತ್ತು ಮುರ್ಗಿಯಿಂದ. ಗಾವಂತಿ ಅಡ್ಡ, ಉದ್ದ, ಮೂಲೆಗೆ ಹೋಗುವ ನೇರ ಗೆರೆ. ಮುರ್ಗಿ ಮೆಟ್ಟಿಲಿನ ಹಾಗೆ ಏರುವ ಇಳಿಯುವ ಗೆರೆ. ಎರಡರಲ್ಲೂ ಸೀರೆಯ ಒಳಮೈ ಹೊರಮೈ ಒಂದೇ ಆಗಿರಬೇಕು, ಗಂಟು ಇರಕೂಡದು. ಅದು ಹೇಗೆ ಸಾಧ್ಯ? ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಎಂದು ಓಡುತ್ತದೆ. ಹೋಗುವಾಗ ಗೆರೆ ಅರ್ಧ ಮಾತ್ರ, ತುಂಡು ತುಂಡಾಗಿ ಬೀಳುತ್ತದೆ. ತುದಿ ಮುಟ್ಟಿ ಅದೇ ಹಾದಿಯಲ್ಲಿ ವಾಪಸು ಬರುವಾಗ ಬಿಟ್ಟ ಜಾಗವೆಲ್ಲ ತುಂಬಿಕೊಳ್ಳುತ್ತದೆ. ನಡುವೆ ಕವಲು ಬಂದರೆ ಕವಲಿನ ತುದಿಯವರೆಗೆ ಹೋಗಿ, ತಿರುಗಿ ಬಂದು, ಮುಂದೆ ಸಾಗಬೇಕು. ಜಾತ್ರೆಯ ಪಲ್ಲಕ್ಕಿ ಓಣಿ ಓಣಿ ಹೊಕ್ಕು, ಹೊಕ್ಕ ಓಣಿಯಿಂದಲೇ ಹೊರಬಂದು, ಕಡೆಗೆ ಹೊರಟ ಗುಡಿಗೇ ಬಂದು ಮುಟ್ಟುತ್ತದಲ್ಲ, ಹಾಗೆ. ಪ್ರತಿ ಓಣಿಯಲ್ಲೂ ಪಲ್ಲಕ್ಕಿ ಎರಡು ಸಲ ಸಾಗುತ್ತದೆ.

ಈಗ ಮಗಳ ಡಿಸೈನಿನ ನಕ್ಷತ್ರಗಳನ್ನು ನೋಡಿ. ಗೋಪುರದ ಮೇಲೆ ಬಿಡಿ ಬಿಡಿಯಾಗಿ ತೇಲುತ್ತಿವೆ. ಚಿತ್ರದಲ್ಲಿ ಬಲು ಚಂದ. ಆದರೆ ಪಲ್ಲಕ್ಕಿಗೆ ಅಲ್ಲಿಗೆ ಹೋಗಲು ಹಾದಿಯೇ ಇಲ್ಲ. ಒಂದೋ ಹಿಂಬದಿಯಲ್ಲಿ ದಾರ ಹಾರಿಸಬೇಕು, ಅದು ಒಳಮೈಯಲ್ಲಿ ಜೋತು ಬಿದ್ದು ಕಾಲುಂಗುರಕ್ಕೋ ಬಳೆಗೋ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಒಂದೊಂದು ನಕ್ಷತ್ರಕ್ಕೂ ಹೊಸ ದಾರ ತೆಗೆದುಕೊಂಡು, ಅದರ ಎರಡೂ ತುದಿಗಳನ್ನು ಪುಟ್ಟ ನಕ್ಷತ್ರದ ಒಳಗೇ ಅಡಗಿಸಬೇಕು. ಎರಡನೆಯದು ಮಾಡಬಹುದಾದ ಕೆಲಸ, ಆದರೆ ಹೊತ್ತು ತಿನ್ನುತ್ತದೆ, ಅಂದರೆ ದುಡ್ಡೂ ತಿನ್ನುತ್ತದೆ. ಹಳೆಯ ಸೀರೆ ಸಿಕ್ಕರೆ ಗೋಪುರದ ಮೇಲೆ ಕೂತ ಹಕ್ಕಿಯನ್ನು ಹತ್ತಿರದಿಂದ ನೋಡಿ. ಕಾಲೆಂದು ಒಂದೇ ಒಂದು ಹೊಲಿಗೆ ಇಳಿದು ಕಳಸಕ್ಕೆ ಅಂಟಿಕೊಂಡಿರುತ್ತದೆ. ಅದು ಕಾಲೂ ಹೌದು, ದಾರದ ಸೇತುವೆಯೂ ಹೌದು. ನಿಮ್ಮ ಅಕ್ಕ ‘ಚಿತ್ರ ಚಂದ ಐತಿ, ಕಸೂತಿ ಅಲ್ಲ’ ಎಂದದ್ದು ಇದನ್ನು ನೋಡಿಯೇ ಎಂದು ನನ್ನ ಊಹೆ. ಆಕೆ ವಿವರಿಸಲಿಲ್ಲ, ಮಗಳು ಕೇಳಲಿಲ್ಲ. ಇಬ್ಬರೂ ಒಂದು ಹೊತ್ತು ಕೂತು ಮಾತಾಡಿದ್ದರೆ ಈ ಪತ್ರ ನನಗೆ ಬರುತ್ತಿರಲಿಲ್ಲ.

ಕೈಯಿಂದ ಗ್ರಾಫ್ ಬರೆಯುವವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಪೆನ್ಸಿಲು ಕಾಗದದಿಂದ ಎತ್ತದೆ ಬರೆಯುವಾಗ ಕೈ ತಾನಾಗಿ ಸೂಜಿಯ ಹಾದಿಯಲ್ಲೇ ನಡೆಯುತ್ತದೆ. ಪೆನ್ಸಿಲು ಎತ್ತಬೇಕಾಗಿ ಬಂದಾಗಲೇ ‘ಇಲ್ಲಿ ದಾರ ಕಡಿಯತದ’ ಎಂದು ಎಚ್ಚರವಾಗುತ್ತದೆ. ಮೌಸ್ ಹಿಡಿದ ಕೈಗೆ ಆ ಎಚ್ಚರ ಬರುವುದಿಲ್ಲ. ಎಲ್ಲಿ ಬೇಕಾದರೂ ಕ್ಲಿಕ್ ಮಾಡಬಹುದು, ಒಂದು ನಕ್ಷತ್ರವನ್ನು ಹತ್ತು ಕಡೆ ಪೇಸ್ಟ್ ಮಾಡಬಹುದು. ಆದರೆ ಇದನ್ನೇ ದೊಡ್ಡದು ಮಾಡಿ, ಕಂಪ್ಯೂಟರಿನ ನಮೂನೆಗೆ ಜೀವ ಇಲ್ಲ ಎಂದು ಹೇಳುವವರ ಜೊತೆ ನಾನಿಲ್ಲ. ಗ್ರಾಫ್ ಹಾಳೆಯ ಮೇಲೆ ರಬ್ಬರು ಉಜ್ಜಿ ಉಜ್ಜಿ ತೂತು ಮಾಡಿದವರಿಗೆ ಗೊತ್ತು, ಕಂಟ್ರೋಲ್ ಝಡ್ ಎಂಥ ಪುಣ್ಯದ ಗುಂಡಿ ಎಂದು.

ಹಾಗಾದರೆ ಮಗಳು ಮಾಡಿದ್ದು ವ್ಯರ್ಥವೇ? ಖಂಡಿತ ಅಲ್ಲ. ಆಕೆಯ ಆಯ್ಕೆಯೇ ಒಳ್ಳೆಯದು. ಕಸೂತಿಗೆ ದುಂಡು ಬರುವುದಿಲ್ಲ, ನೇರ ಗೆರೆ ಮತ್ತು ಮೂಲೆ ಗೆರೆ ಮಾತ್ರ. ಕಲ್ಯಾಣ ಚಾಲುಕ್ಯರ ಶಿಖರ ಮೆಟ್ಟಿಲು ಮೆಟ್ಟಿಲಾಗಿ ಅಂತಸ್ತು ಕಟ್ಟಿಕೊಂಡು ಏರುವುದರಿಂದ ಮುರ್ಗಿಗೆ ಹೇಳಿ ಮಾಡಿಸಿದ ಹಾಗಿದೆ. ಕಾಶಿವಿಶ್ವೇಶ್ವರದಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಚಿಕ್ಕ ಗುಡಿ ಇದೆ, ನೋಡಿರುತ್ತೀರಿ. ಮದುವೆ ಸೀರೆಗೆ ಎದುರುಬದುರು ನಿಂತ ಆ ಎರಡು ಗುಡಿಗಳು ಒಂದು ದೊಡ್ಡದು, ಒಂದು ಚಿಕ್ಕದಾಗಿ ಬಂದರೆ ಹೇಗಿರುತ್ತದೆ ಎಂದು ಮಗಳಿಗೆ ಕೇಳಿ ನೋಡಿ. ಇದು ನನ್ನ ಆಸೆ, ಲೆಕ್ಕಕ್ಕೆ ಹಿಡಿಯಬೇಡಿ.

ಆಕೆ ಮಾಡಬೇಕಾದ ಬದಲಾವಣೆ ಇಷ್ಟು. ಫೋಟೊವನ್ನು ಚೌಕಗಳಾಗಿ ಒಡೆಯುವ ಆ್ಯಪ್ ಬಳಸಿದ್ದರೆ ಅದನ್ನು ಬಿಡಬೇಕು. ಅಂಥ ಆ್ಯಪ್ ಮನೆಗಳಿಗೆ ಬಣ್ಣ ತುಂಬುತ್ತದೆ. ಅದು ಮೆಂತಿ ಹೊಲಿಗೆಗೆ ಸರಿ. ಗಾವಂತಿ, ಮುರ್ಗಿ ನಡೆಯುವುದು ಮನೆಯ ಒಳಗಲ್ಲ, ಮನೆಯ ಗೆರೆಯ ಮೇಲೆ. ಕೋರೆಲ್ ಡ್ರಾದಂಥ ಸಾಫ್ಟ್‌ವೇರಿನಲ್ಲಿ ಗ್ರಿಡ್ ಹಾಕಿಕೊಂಡು, ಗೆರೆ ಗ್ರಿಡ್ಡಿಗೇ ಅಂಟುವಂತೆ ಮಾಡಿಕೊಂಡು ಬರೆಯಲಿ. ಗ್ರಿಡ್ಡಿನ ಮನೆ ಚೌಕ ಇರದೆ ನಿಮ್ಮ ಸೀರೆಯ ಲೆಕ್ಕಕ್ಕೆ ಸರಿಯಾಗಿ ಇರಲಿ. ಮೇಲಿನ ಉದಾಹರಣೆಯಲ್ಲಾದರೆ ಸೆರಗಿನ ಮಗ್ಗುಲ ನಮೂನೆಗೆ ಮನೆಯ ಅಗಲ 15 ಪಾಲು, ಎತ್ತರ 18 ಪಾಲು. ನಾನಂತೂ ಎಕ್ಸೆಲ್ ಬಳಸುತ್ತೇನೆ, ನಗಬೇಡಿ. ಸಾಲಿನ ಎತ್ತರ, ಕಂಬದ ಅಗಲ ಎಳೆಯ ಲೆಕ್ಕಕ್ಕೆ ಇಟ್ಟುಕೊಂಡು, ಮನೆಗಳಿಗೆ ಬಾರ್ಡರ್ ಹಾಕುತ್ತ ಹೋದರೆ ಮುರ್ಗಿ ತಾನಾಗಿ ಮೂಡುತ್ತದೆ. ಮೂಲೆ ಗೆರೆಯೂ ಅದರಲ್ಲಿದೆ.

ಎಳೆ ಎಣಿಸುವುದಕ್ಕೂ ಫೋನು ಬಳಸಬಹುದು. ಸೀರೆಯ ಮೇಲೆ ಸ್ಕೇಲ್ ಇಟ್ಟು ಹತ್ತಿರದಿಂದ ಫೋಟೊ ತೆಗೆದು, ಹಿಗ್ಗಿಸಿ ಎಣಿಸಿ. ಹಾಸನ್ನೂ ಹೊಕ್ಕನ್ನೂ, ಒಡಲಿನಲ್ಲಿ ಮೂರು ಕಡೆ, ಸೆರಗಿನಲ್ಲಿ ಬೇರೆಯಾಗಿ. ಕಪ್ಪು ಬಟ್ಟೆಯಾದ್ದರಿಂದ ಅಡಿಗೆ ಬಿಳಿ ಕಾಗದ ಇಡಿ, ಎಳೆಗಳು ಬಿಡಿಸಿ ಕಾಣುತ್ತವೆ.

ಕಂಪ್ಯೂಟರು ನಿಜವಾಗಿ ಕೈಹಿಡಿಯುವುದು ಸಾಲು ಕೂಡಿಸುವ ಲೆಕ್ಕದಲ್ಲಿ. ಎರಡೂ ದಡಿ ಬಿಟ್ಟು ನಿಮ್ಮ ಸೀರೆಯ ಅಗಲ 36 ಇಂಚು ಉಳಿಯಿತು ಎನ್ನಿ. ಇಂಚಿಗೆ 18ರಂತೆ 648 ಹೊಲಿಗೆ. 36 ಹೊಲಿಗೆಯ ಗೋಪುರ ಎಷ್ಟು ಕೂರುತ್ತವೆ? 14 ಕೂರಿಸಲು ಹೋದರೆ ನಡುವಿನ ಜಾಗ 10ಕ್ಕೆ ಇಳಿದು, ದಡಿಯ ಹತ್ತಿರ 7, 7 ಮಾತ್ರ ಉಳಿಯುತ್ತದೆ, ನಟ್ಟನಡುವೆ ಗೋಪುರವೂ ಬರುವುದಿಲ್ಲ. 13 ಕೂರಿಸಿ ನೋಡಿ: ಗೋಪುರಗಳಿಗೆ 468 ಹೊಲಿಗೆ, ನಡುವಿನ 12 ಜಾಗಕ್ಕೆ 12ರಂತೆ 144, ಎರಡೂ ದಡಿಯ ಹತ್ತಿರ 18, 18. ಕೂಡಿಸಿದರೆ ಸರಿಯಾಗಿ 648. ಬೆಸ ಸಂಖ್ಯೆಯಾದ್ದರಿಂದ ನಟ್ಟನಡುವೆ ಒಂದು ಗೋಪುರವೂ ಕೂರುತ್ತದೆ. ಇದನ್ನು ಮೊದಲು ನಾನು ಪೆನ್ಸಿಲಿನಲ್ಲಿ ಮಾಡಲು ಒಂದು ಮಧ್ಯಾಹ್ನ ಕಳೆಯುತ್ತಿದ್ದೆ. ಗಿಳಿಯನ್ನು ಒಂದು ಕಡೆ ಬರೆದು ಇನ್ನೊಂದು ಕಡೆಗೆ ಮಗುಚುವುದು, ಸೆರಗಿನಿಂದ ದೂರ ಹೋದಂತೆ ನಮೂನೆ ಚಿಕ್ಕದಾಗುವ ಹಳೆಯ ಕ್ರಮವನ್ನು ಇಡೀ ಸೀರೆಯ ಮೇಲೆ ಹಾಸಿ ನೋಡುವುದು, ಇವೆಲ್ಲ ಪರದೆಯ ಮೇಲೆ ಮಾಡುವ ಕೆಲಸಗಳೇ.

ಬಣ್ಣವನ್ನು ಮಾತ್ರ ಪರದೆಯ ಮೇಲೆ ತೀರ್ಮಾನಿಸಬೇಡಿ. ಪರದೆ ಬೆಳಕು ಉಗುಳುತ್ತದೆ, ರೇಷ್ಮೆ ದಾರ ಬೆಳಕನ್ನು ಅತ್ತಿತ್ತ ಹೊರಳಿಸುತ್ತದೆ. ದಾರದ ಲಡಿಗಳನ್ನು ಸೀರೆಯ ಮೇಲಿಟ್ಟು ಹಗಲು ಹೊತ್ತು ಕಿಟಕಿಯ ಹತ್ತಿರ ನೋಡಿ. ಪ್ರಿಂಟ್ ತೆಗೆಯುವಾಗ ಇನ್ನೊಂದು ಎಚ್ಚರ: ಝೆರಾಕ್ಸ್ ಅಂಗಡಿಯ ಹುಡುಗ ಹಾಳೆಗೆ ಹೊಂದಿಸಲೆಂದು ಚಿತ್ರ ಕುಗ್ಗಿಸಿದರೆ ಅಳತೆ ಕೆಟ್ಟಿತು. ಕಸೂತಿಯಲ್ಲಿ ಎಣಿಕೆ ಉಳಿದಿರುತ್ತದೆ, ಅಡ್ಡಿಯಿಲ್ಲ. ಆದರೆ ಮನೆಗಳು ಸಾಸಿವೆ ಕಾಳಿನಷ್ಟಾದರೆ ಐವತ್ತು ದಾಟಿದ ಕಣ್ಣು ಎಣಿಸುವುದು ಹೇಗೆ? ಪ್ರತಿ ಹತ್ತು ಮನೆಗೆ ಒಂದು ದಪ್ಪ ಗೆರೆ ಹಾಕಿ, ಒಂದು ಗೋಪುರ ಒಂದು ಹಾಳೆ ತುಂಬುವ ಹಾಗೆ ಪ್ರಿಂಟ್ ಕೊಡಿ. ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಸೂಜಿ ಹಿಡಿದ ಕೈ ಫೋನಿನ ಪರದೆಯನ್ನು ಮತ್ತೆ ಮತ್ತೆ ಮುಟ್ಟಿ ಎಬ್ಬಿಸುತ್ತ ಕೂರಲಾರದು.

ಇನ್ನು ಎಂಟು ದಿನದ ಅಂಗಡಿ. ಅವರು ಹೇಳುವುದು ಸುಳ್ಳಲ್ಲ, ಎಂಟು ದಿನದಲ್ಲಿ ಕೊಟ್ಟಾರು. ಆದರೆ ಅದು ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನಿನ ಕೆಲಸ. ಮಷಿನಿಗೆ ಮೇಲೊಂದು ದಾರ, ಕೆಳಗೆ ಬಾಬಿನ್ನಿನಲ್ಲಿ ಇನ್ನೊಂದು. ಎರಡೂ ಬಟ್ಟೆಯ ನಡುವೆ ಹೆಣೆದುಕೊಳ್ಳುತ್ತವೆ. ಸೂಜಿ ಎಳೆಯ ಸಂದಿ ಹುಡುಕುವುದಿಲ್ಲ, ಎಳೆಯನ್ನೇ ಚುಚ್ಚಿಕೊಂಡು ಹೋಗುತ್ತದೆ. ಬಟ್ಟೆ ಮುದುಡಬಾರದೆಂದು ಹಿಂದೆ ಕಾಗದದಂಥ ಅಸ್ತರ ಕೊಟ್ಟಿರುತ್ತಾರೆ. ಸೀರೆ ಮಗುಚಿ ನೋಡಿದರೆ ಬಾಬಿನ್ನಿನ ದಾರ, ಅಸ್ತರದ ಚೂರು ಕಾಣುತ್ತವೆ. ಮಕ್ಕಳ ಕುರ್ತಾಕ್ಕೋ ದಿಂಬಿನ ಹೊದಿಕೆಗೋ ಹಾಕಿಸಿಕೊಂಡರೆ ತಪ್ಪೇನಿಲ್ಲ, ನಾನೂ ಹಾಕಿಸಿದ್ದೇನೆ. ಅದನ್ನು ಕಸೂತಿ ಎಂದು ಕರೆದು ಕೈಕೆಲಸದ ಬೆಲೆ ಹೇಳಿದರೆ ಮಾತ್ರ ಸುಮ್ಮನಿರಬೇಡಿ. ಕಸೂತಿಗೆ ಭೌಗೋಳಿಕ ಸೂಚಕದ ನೋಂದಣಿ ಇದೆ, ಆ ಹೆಸರನ್ನು ಎಲ್ಲಕ್ಕೂ ಹಚ್ಚುವ ಹಾಗಿಲ್ಲ. ಮದುವೆ ಸೀರೆ ಎಂದಿರಿ, ಹಾಗಾಗಿ ನನ್ನ ಉತ್ತರ ನೇರ: ಅಂಗಡಿ ಬೇಡ, ಧಾರವಾಡ.

ಆ ಅಕ್ಕನ ಹತ್ತಿರ ಮಗಳನ್ನೇ ಕರೆದುಕೊಂಡು ಹೋಗಿ. ಮೊದಲು ಸೀರೆ ಬಿಚ್ಚಿ ಹಾಸಿ, ಆಮೇಲೆ ಟ್ಯಾಬ್ ತೆಗೆಯಿರಿ. ‘ಇದನ್ನ ಹಿಂಗs ಹಾಕ್ರಿ’ ಎನ್ನುವ ಬದಲು ‘ಅಕ್ಕಾರ, ದಾರ ಎಲ್ಲಿಂದ ಹೊಂಡತದ, ಎಲ್ಲಿ ಬಂದು ಮುಟ್ಟತದ, ತೋರಸ್ರಿ’ ಎಂದು ಕೇಳಲಿ. ಆಕೆ ಬೆರಳಿನಿಂದ ಹಾದಿ ತೋರಿಸುತ್ತ ಹೋದಂತೆ ಮಗಳು ಅಲ್ಲೇ ತಿದ್ದಿಕೊಳ್ಳಲಿ. ಅದೇ ಸೀರೆಯ ರವಿಕೆ ಕಣದ ಮೇಲೆ, ಅದಿಲ್ಲದಿದ್ದರೆ ಒಳಗೆ ಮುಚ್ಚಿ ಹೋಗುವ ತುದಿಯಲ್ಲಿ, ಒಂದು ಗೋಪುರ, ಒಂದು ಗಿಳಿ ನಮೂನೆಗೆಂದು ಹಾಕಿಸಿ. ಅದನ್ನು ತಣ್ಣೀರಿನಲ್ಲಿ ತೋಯಿಸಿ ನೆರಳಿನಲ್ಲಿ ಆರಿಸಿ ನೋಡಿ. ಇಳಕಲ್ ಕೆಂಪು ಬಣ್ಣ ಬಿಟ್ಟು ಬಿಳಿ ದಾರಕ್ಕೆ ಹತ್ತಿದರೆ ಆಗಲೇ ಗೊತ್ತಾಗಲಿ. ನಮೂನೆ ಹಾಕಿದ್ದಕ್ಕೂ ಗ್ರಾಫ್ ಬರೆದದ್ದಕ್ಕೂ ಬೇರೆಯಾಗಿ ದುಡ್ಡು ಕೊಡಿ, ಸೀರೆಯ ಕೂಲಿಯಲ್ಲಿ ಸೇರಿಸಿ ಚೌಕಾಸಿ ಮಾಡಬೇಡಿ. ಸೀರೆ ತುಂಬ ಕಸೂತಿ ಎಂದರೆ ತಿಂಗಳುಗಟ್ಟಲೆ ಕೆಲಸ. ಮಾಘಕ್ಕೆ ಬೇಕಾದರೆ ನಾಗರಪಂಚಮಿಯ ಒಳಗೆ ನಮೂನೆ ಒಪ್ಪಿಗೆಯಾಗಿರಬೇಕು.

ಉಳಿದದ್ದು ಹೆಸರಿನ ಅಕ್ಷರ. ಇಲ್ಲಿ ನಾನು ಮಗಳ ಜೊತೆ ಸ್ವಲ್ಪ ಜಗಳಾಡುತ್ತೇನೆ. ನಮ್ಮ ಕನ್ನಡದ ಅಕ್ಷರ ಎಲ್ಲ ದುಂಡು. ನೇರ ಗೆರೆಯಲ್ಲಿ ಕೂರಿಸಲು ಸಾಕಷ್ಟು ಎತ್ತರ ಬೇಕು, ಚಿಕ್ಕದಾದರೆ ‘ಪ’ ಯಾವುದು ‘ಷ’ ಯಾವುದು ತಿಳಿಯುವುದಿಲ್ಲ. ಇದಕ್ಕೆ ಕಂಪ್ಯೂಟರೇ ಸರಿ, ಹತ್ತು ಥರ ಬರೆದು ನೋಡಬಹುದು. ಆದರೆ ಗಾವಂತಿಯಲ್ಲಿ ಹಿಂಬದಿಯೂ ಅಷ್ಟೇ ಸ್ಪಷ್ಟವಾಗಿ ಬರುತ್ತದೆ ಎಂದೆನಲ್ಲ, ಅಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ಉಲ್ಟಾ ಮೂಡುತ್ತದೆ. ಗಿಳಿ ಉಲ್ಟಾ ಆದರೂ ಗಿಳಿಯೇ, ಅಕ್ಷರ ಹಾಗಲ್ಲ. ಸೆರಗು ಗಾಳಿಗೆ ಮಗುಚಿದಾಗಲೆಲ್ಲ ಅದೇ ಕಾಣುತ್ತದೆ. ಅಕ್ಷರಗಳನ್ನು ಸೀರೆಯ ಮೇಲೆ ಬಿಟ್ಟು ಕುಬಸದ ತೋಳಿಗೆ ಹಾಕಿಸಿ. ಒಳಗೆ ಅಸ್ತರ ಇರುವುದರಿಂದ ಹಿಂಬದಿ ಯಾರಿಗೂ ಕಾಣುವುದಿಲ್ಲ. ಖಣದ ಕುಬಸ ಬೇಡ, ಅದಕ್ಕೆ ತನ್ನದೇ ನೇಯ್ದ ಚಿತ್ತಾರಗಳಿರುತ್ತವೆ, ಅಕ್ಷರ ಅದರಲ್ಲಿ ಕಳೆದುಹೋಗುತ್ತದೆ. ಎಳೆ ಎಣಿಸಲು ಬರುವಂಥ ಸಾದಾ ಬಟ್ಟೆ ತೆಗೆದುಕೊಳ್ಳಿ, ಮತ್ತು ದರ್ಜಿಗೆ ಕೊಡುವ ಮೊದಲೇ ಕಸೂತಿ ಹಾಕಿಸಿ. ಹೊಲಿದ ತೋಳಿನ ಮೇಲೆ ಸೂಜಿ ಆಡುವುದು ಕಷ್ಟ.